ಹೋಮ್‌ಲ್ಯಾಂಡ್ ಮತ್ತೆ ನೋಡುತ್ತಿದ್ದೇವೆ: ಏಳು ಸೀಸನ್ ಮುಗಿಯಿತು

ನಿನ್ನೆ ರಾತ್ರಿ ಏಳನೇ ಸೀಸನ್ ಮುಗಿಯಿತು. ಇನ್ನು ಒಂದೇ ಸೀಸನ್, 12 ಎಪಿಸೋಡ್ ಬಾಕಿ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಹೋಮ್‌ಲ್ಯಾಂಡ್ 2011ರಿಂದ 2020ರವರೆಗೆ ಬಂದ ಅಮೆರಿಕದ ಗೂಢಚಾರ ಧಾರಾವಾಹಿ. ನಾನು ಮೊದಲೇ ನೋಡಿದ್ದೆ, ಅಕ್ಕನಿಗೆ ಹೊಸದು. ವಿದ್ಯಾನಗರದ ನಮ್ಮ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಎಪಿಸೋಡ್. ಭಾನುವಾರ ಸಂಜೆ ಮಾತ್ರ ಮಂಡಕ್ಕಿ, ಮಿರ್ಚಿ ಜೊತೆ ಎರಡು. ರಾಜಕೀಯ ಹೊಕ್ಕು ಈ ಸೀರಿಯಲ್ ಕೆಟ್ಟಿತು ಅಂತ ಬಹಳ ಜನ ಹೇಳುತ್ತಾರೆ. ನಿಜವಾ ನೋಡೋಣ ಅಂತ ನೋಟ್‌ಬುಕ್ ಇಟ್ಟೆ. ಒಂದು ದೃಶ್ಯಕ್ಕೆ ಒಂದು ಸಾಲು. ಬೇಹುಗಾರಿಕೆಗೆ ನೀಲಿ ಇಂಕು, ರಾಜಕೀಯಕ್ಕೆ ಕೆಂಪು.

ಮೊದಲ ಮೂರು ಸೀಸನ್ ಈ ಲೆಕ್ಕ ಸರಿಯಾಗೇ ನಡೆಯಿತು. ನಾಲ್ಕನೆಯದರ ಮೊದಲ ಎಪಿಸೋಡ್‌ನಲ್ಲೇ ಕೈಕೊಟ್ಟಿತು. ಸಿಐಎ ಅಧಿಕಾರಿ ಕ್ಯಾರಿ ಕಾಬೂಲಿನಲ್ಲಿ ಕೂತು ಪಾಕಿಸ್ತಾನದ ಒಂದು ಮನೆಯ ಮೇಲೆ ಬಾಂಬ್ ಹಾಕಲು ಒಪ್ಪಿಗೆ ಕೊಡುತ್ತಾಳೆ. ಕೆಲಸ ಮುಗಿಯಿತು. ಅವತ್ತು ಅವಳ ಹುಟ್ಟುಹಬ್ಬ. ಜೊತೆಯವರು ಕೇಕ್ ತರುತ್ತಾರೆ. ಅದರ ಮೇಲೆ 'ಡ್ರೋನ್ ಕ್ವೀನ್' ಅಂತ ಬರೆದಿದೆ. ಆಮೇಲೆ ಗೊತ್ತಾಗುತ್ತದೆ, ಬಾಂಬ್ ಬಿದ್ದಿದ್ದು ಮದುವೆ ಮನೆ ಮೇಲೆ ಅಂತ.

ಅಕ್ಕ ಕೈಯಲ್ಲಿದ್ದ ಮಿರ್ಚಿ ತಟ್ಟೆಗೆ ವಾಪಸ್ ಇಟ್ಟಳು. ನಾನು ಎರಡೂ ಪೆನ್ನು ಹಿಡಿದು ಕೂತಿದ್ದೆ. ಆ ಕೇಕಿಗೆ ಯಾವ ಬಣ್ಣ? "ಎರಡರಾಗೂ ಬರಿಯಪ್ಪ, ಅದ್ರಾಗೇನು" ಅಂದಳು. ಎರಡರಲ್ಲೂ ಬರೆದೆ. ರಾಜಕೀಯ ಎಷ್ಟಿದೆ ಅಂತ ಅಳೆದು ಏನೂ ಸಿಗೋದಿಲ್ಲ ಅಂತ ಅವತ್ತೇ ಅನ್ನಿಸಿತು. ಆ ರಾಜಕೀಯ ಯಾರ ತಲೆ ಮೇಲೆ ಬಂದು ಕೂರುತ್ತದೆ ಅನ್ನೋದನ್ನು ನೋಡಬೇಕು. ಇಲ್ಲಿ ಅದು ಕ್ಯಾರಿಯ ತಲೆ ಮೇಲೆ, ಮತ್ತು ಮದುವೆಯಲ್ಲಿ ಬದುಕುಳಿದ ಹುಡುಗ ಅಯಾನ್‌ನ ತಲೆ ಮೇಲೆ. ಅಯಾನ್ ಪಾತ್ರ ಮಾಡಿದ್ದು ನಮ್ಮ ಸೂರಜ್ ಶರ್ಮಾ.

ಅದೇ ಸೀಸನ್‌ನ ತಪ್ಪನ್ನೂ ಬರೆದುಕೊಂಡಿದ್ದೇನೆ. ಇಸ್ಲಾಮಾಬಾದ್ ಅಂತ ತೋರಿಸಿದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ನಮ್ಮ ಊರನ್ನು ಹೀಗೆ ತೋರಿಸೋದಾ ಅಂತ ಪಾಕಿಸ್ತಾನದವರು ಸಿಟ್ಟಾಗಿದ್ದರು. ಆ ಸಿಟ್ಟು ನ್ಯಾಯವಾದದ್ದು.

ಐದನೇ ಸೀಸನ್‌ನ ಎರಡನೇ ಎಪಿಸೋಡ್‌ನಲ್ಲಿ ಟಿವಿ ನಿಲ್ಲಿಸಿ ಅಕ್ಕನಿಗೆ ಒಂದು ಗೋಡೆ ತೋರಿಸಿದೆ. ಚಿತ್ರೀಕರಣ ನಡೆದಿದ್ದು ಬರ್ಲಿನ್‌ನಲ್ಲಿ. ಸಿರಿಯಾ ನಿರಾಶ್ರಿತರ ಶಿಬಿರದ ಸೆಟ್ಟು. ಗೋಡೆ ಮೇಲೆ ಅರೇಬಿಕ್ ಬರಹ ಇದ್ದರೆ ನಿಜ ಅನ್ನಿಸುತ್ತದೆ ಅಂತ ಕಲಾವಿದರನ್ನು ಕರೆಸಿದ್ದರು. ಅವರು ಬರೆದದ್ದು 'ಹೋಮ್‌ಲ್ಯಾಂಡ್ ಜನಾಂಗದ್ವೇಷಿ' ಅಂತ. ಸೆಟ್‌ನಲ್ಲಿ ಯಾರೂ ಅದನ್ನು ಓದಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಹಾಗೇ ಪ್ರಸಾರ ಆಯಿತು. ಯಾರ ಕಥೆ ಹೇಳುತ್ತಿದ್ದರೋ ಅವರ ಅಕ್ಷರ ಓದಬಲ್ಲ ಒಬ್ಬರೂ ಅಲ್ಲಿರಲಿಲ್ಲ, ಅಲ್ವಾ? ಈ ಧಾರಾವಾಹಿ ಮೇಲಿನ ದೊಡ್ಡ ದೂರು ನನ್ನ ಮಟ್ಟಿಗೆ ಇದೇ. ಅಕ್ಕ ಆ ಫ್ರೇಮನ್ನು ಹತ್ತಿರ ಹೋಗಿ ನೋಡಿಬಂದಳು.

ಆರನೇ ಸೀಸನ್ ನನಗೆ ನಿಜವಾಗಿ ಬೇಜಾರು ತಂದಿತು. 2016ರ ನವೆಂಬರ್ ಚುನಾವಣೆಗೆ ಮುಂಚೆಯೇ ಬರೆಯಲು ಶುರು ಮಾಡಿದ್ದರು. ಕಥೆಯಲ್ಲಿ ಅಧ್ಯಕ್ಷೆಯಾಗಿ ಗೆದ್ದಿರುವವಳು ಎಲಿಜಬೆತ್ ಕೀನ್. ಪ್ರಸಾರ ಶುರುವಾದ 2017ರ ಜನವರಿ ಹೊತ್ತಿಗೆ ನಿಜದಲ್ಲಿ ಗೆದ್ದಿದ್ದು ಟ್ರಂಪ್. ಹನ್ನೊಂದು ಎಪಿಸೋಡ್ ನಾವು ಕೀನ್ ಜೊತೆಗಿದ್ದೆವು. ಕೊನೆಯದರಲ್ಲಿ ಅವಳು ಇದ್ದಕ್ಕಿದ್ದಂತೆ ಕ್ಯಾರಿಯ ಗುರು, ಸಿಐಎಯ ಹಿರಿಯ ಸಾಲ್ ಬೆರೆನ್ಸನ್‌ನಂಥವನನ್ನೇ ಬಂಧಿಸುತ್ತಾಳೆ. ಅವಳನ್ನು ಕೊಲ್ಲಲು ನೋಡಿದ್ದರು, ಭಯ ಇತ್ತು, ಒಪ್ಪುತ್ತೇನೆ. ಆದರೂ ಆ ತಿರುವು ಅವಳ ಒಳಗಿನಿಂದ ಬಂದಂತೆ ಕಾಣಲಿಲ್ಲ. ಬೆಳಿಗ್ಗೆಯ ಪೇಪರ್ ಅವಳ ಕೈ ಹಿಡಿದು ಎಳೆದಂತಿತ್ತು. ದಾರಿ ತಪ್ಪಿದ್ದು ಅಲ್ಲಿ.

ಏಳನೆಯದರಲ್ಲಿ ಪುಟಗಟ್ಟಲೆ ಕೆಂಪು. ಸಭೆ, ಮತ್ತೆ ಸಭೆ. ಆದರೆ ಒಂದು ಕಡೆ ಮೈ ಜುಮ್ಮೆಂದಿತು. ಗುಂಡೇಟು ತಿಂದ ಹುಡುಗ ಆಸ್ಪತ್ರೆಯಲ್ಲಿದ್ದಾನೆ. ಯಾರೋ ಒಳಗೆ ಬಂದು ಮೊಬೈಲ್‌ನಲ್ಲಿ ಫೋಟೋ ತೆಗೆದು ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಹುಡುಗ ಸತ್ತ ಅಂತ ಸುಳ್ಳು ಸುದ್ದಿ ಊರೆಲ್ಲ ಹಬ್ಬಿ, ಗುಂಡು ಹಾರಿ ಜನ ಸಾಯುತ್ತಾರೆ. "ನಮ್ಮ ಫ್ಯಾಮಿಲಿ ಗ್ರೂಪಿನಾಗ ಬರ್ತಾವಲ್ಲ, ಹಂಗೇ ಐತಿ ನೋಡು" ಅಂದಳು ಅಕ್ಕ. ಈ ದೃಶ್ಯಕ್ಕೂ ಎರಡೂ ಬಣ್ಣ. ಭಾಷಣ ಇಲ್ಲ, ಒಬ್ಬ ಮನುಷ್ಯ, ಒಂದು ಫೋನು, ಅಷ್ಟೇ.

ಕೊನೆಯ ಎಪಿಸೋಡ್ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಹೊಂದಲಿಲ್ಲ. ಕೀನ್ ಟಿವಿಯಲ್ಲಿ ಮಾತಾಡಿ ರಾಜೀನಾಮೆ ಕೊಡುತ್ತಾಳೆ. ನನಗದು ಬರಹಗಾರರೇ ಎದ್ದು ನಿಂತು ಮಾತಾಡಿದಂತೆ ಕೇಳಿಸಿತು. ಅಕ್ಕನ ಕಣ್ಣು ತುಂಬಿತ್ತು. "ಕುರ್ಚಿ ಬಿಟ್ಟು ಎದ್ದು ಹೋಗೋರು ಎಷ್ಟು ಜನ ಅದಾರ ಹೇಳು" ಅಂದಳು. ಹಾಗಾಗಿ ಆ ಪುಟದಲ್ಲಿ ನನ್ನ ಕೆಂಪು ಸಾಲಿನ ಪಕ್ಕ ಅವಳ ಕೈಬರಹದಲ್ಲಿ ಒಂದು ನೀಲಿ ಟಿಕ್ ಇದೆ. ಅಳಿಸಿಲ್ಲ.

ಸೋಮವಾರದಿಂದ ಎಂಟನೇ ಸೀಸನ್. ತಾಲಿಬಾನ್ ಜೊತೆ ಶಾಂತಿ ಮಾತುಕತೆಯ ಕಥೆ. ಅದು ಪ್ರಸಾರ ಶುರುವಾದ ತಿಂಗಳಲ್ಲೇ, 2020ರ ಫೆಬ್ರವರಿ 29ರಂದು, ದೋಹಾದಲ್ಲಿ ನಿಜವಾದ ಒಪ್ಪಂದಕ್ಕೆ ಸಹಿ ಬಿತ್ತು. ನಾಲ್ಕನೇ ಸೀಸನ್‌ನಲ್ಲಿ ಪಾಕಿಸ್ತಾನದ ಗುಪ್ತಚರ ಅಧಿಕಾರಿಯಾಗಿದ್ದ ನಮ್ಮ ನಟಿ ನಿಮ್ರತ್ ಕೌರ್ ಮತ್ತೆ ಬರುತ್ತಾಳೆ. ಕೊನೆಯ ದೃಶ್ಯದಲ್ಲಿ ಒಂದು ಪುಸ್ತಕ ಇದೆ. ಅದಕ್ಕಿಂತ ಜಾಸ್ತಿ ಅಕ್ಕನಿಗೆ ಹೇಳಿಲ್ಲ, ಇಲ್ಲೂ ಹೇಳೋದಿಲ್ಲ. ಕೆಂಪು ರೀಫಿಲ್ ಖಾಲಿಯಾಗಿದೆ, ನಾಳೆ ಹೊಸದು ತರಬೇಕು.