ಅಕಾಡೆಮಿ ಬೀದಿ ಮತ್ತು ಅಜ್ಜಿಯ ಶಾಲೆ

25 ನವೆಂಬರ್ 2023, ಶನಿವಾರ
ಕ್ಯಾರಿ, ನಾರ್ತ್ ಕೆರೊಲಿನಾ

ಥ್ಯಾಂಕ್ಸ್‌ಗಿವಿಂಗ್‌ಗೆಂದು ಬಂದಿದ್ದ ನೆಂಟರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ ಮೇಲೆ ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಇಲ್ಲಿನ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಈ ಊರಿನ ಹಳೆಯ ಕಥೆಯ ಬಗ್ಗೆ ಬರೆಯುತ್ತಿರುವ ಲೇಖನದ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಹಳೆಯ ಪೇಟೆಯ ಕಡೆ ಹೋದೆ. ಈ ತಿಂಗಳು ತೆರೆದ ಹೊಸ ಉದ್ಯಾನದ ಬೆಂಚಿನ ಮೇಲೆ ಅಜ್ಜಿ ಕುಳಿತಿದ್ದರು. ಗ್ರಂಥಾಲಯದ ಓದುಗರ ಕೂಟದ ಅಜ್ಜಿ ಎಂದು ಹಿಂದೆ ಬರೆದಿದ್ದೆನಲ್ಲ, ಅವರೇ. ಅವರಿಗೆ ಈಗ ಎಪ್ಪತ್ತೆಂಟು; ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ, ರೈಲು ಹಳಿಗೆ ಕೂಗಳತೆಯ ದೂರದಲ್ಲಿ. ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿ, ಏನು ಬರೆದಿದ್ದೀರಿ, ಇಂಗ್ಲಿಷಿನಲ್ಲಿ ಹೇಳಿ ಎಂದರು. ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುತ್ತ ಓದಿದೆ.

ಲೇಖನವನ್ನು ನಾನು ಪೇಜ್-ವಾಕರ್ ಹೋಟೆಲಿನಿಂದ ಆರಂಭಿಸಿದ್ದೇನೆ. ಮರದ ವ್ಯಾಪಾರಿ ಫ್ರ್ಯಾಂಕ್ ಪೇಜ್ 1868ರ ಸುಮಾರಿಗೆ ರೈಲು ಪ್ರಯಾಣಿಕರ ಊಟ ವಸತಿಗೆಂದು ಕಟ್ಟಿಸಿದ ಆ ಇಟ್ಟಿಗೆಯ ಮನೆ ಈಗಲೂ ಹಳಿಯ ಪಕ್ಕದಲ್ಲೇ ಇದೆ. ಪೇಜ್ ಮದ್ಯಪಾನದ ಕಡು ವಿರೋಧಿ. ಹಾಗಾಗಿಯೇ ಪಾನನಿರೋಧದ ಪರವಾಗಿ ಭಾಷಣ ಮಾಡುತ್ತಿದ್ದ ಒಹಾಯೊದ ಸ್ಯಾಮ್ಯುಯೆಲ್ ಕ್ಯಾರಿ ಎಂಬ ರಾಜಕಾರಣಿಯ ಹೆಸರನ್ನು ಊರಿಗೆ ಇಟ್ಟರು. 1871ರಲ್ಲಿ ಅದೇ ಹೆಸರಿನಲ್ಲಿ ಊರಿಗೆ ಪಟ್ಟಣದ ಮಾನ್ಯತೆ ಸಿಕ್ಕಿತು. ಇಲ್ಲೇ 1855ರಲ್ಲಿ ಹುಟ್ಟಿದ ಫ್ರ್ಯಾಂಕ್ ಪೇಜ್ ಅವರ ಮಗ ವಾಲ್ಟರ್ ಹೈನ್ಸ್ ಪೇಜ್ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಅಮೆರಿಕದ ರಾಯಭಾರಿಯಾಗಿದ್ದರು. ಕಾಲಾಂತರದಲ್ಲಿ ಹೋಟೆಲು ಪಾಳುಬಿದ್ದಾಗ ಊರಿನವರೇ ಒಂದು ಬಳಗ ಕಟ್ಟಿಕೊಂಡು, ಪಟ್ಟಣದ ಆಡಳಿತದ ಜೊತೆ ಸೇರಿ ಅದನ್ನು ಉಳಿಸಿದರು. ಆ ಭಾಗವನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂತೋಷವಾಗಿತ್ತು, ಏಕೆಂದರೆ ಹಳೆಯ ಕಟ್ಟಡವೊಂದನ್ನು ಕೆಡವುವುದಕ್ಕೆ ಒಂದು ದಿನ ಸಾಕಾಗುವ ಕಾಲದಲ್ಲಿ ಅದನ್ನು ಉಳಿಸಲು ವರ್ಷಗಟ್ಟಲೆ ಓಡಾಡಿದವರ ಬಗ್ಗೆ ಬರೆಯುವ ಅವಕಾಶ ಪದೇಪದೇ ಸಿಗುವುದಿಲ್ಲ.

ಆಮೇಲೆ ಅಕಾಡೆಮಿ ಬೀದಿಯೂ ಚ್ಯಾಟಮ್ ಬೀದಿಯೂ ಕೂಡುವ ಮೂಲೆಯ ಆಶ್‌ವರ್ತ್ ಔಷಧಿ ಅಂಗಡಿ. 1957ರಿಂದ ನಡೆಯುತ್ತಿರುವ ಅಲ್ಲಿ ಮಾತ್ರೆಗಳ ಜೊತೆಗೆ ಸೋಡಾ ಕೌಂಟರೂ ಉಂಟು. ಕಿತ್ತಳೆಯ ತಾಜಾ ಪಾನಕವನ್ನು ಇಂದಿಗೂ ಮಾಡಿಕೊಡುತ್ತಾರೆ. ಅದೇ ಚ್ಯಾಟಮ್ ಬೀದಿಯಲ್ಲಿ 1946ರಲ್ಲಿ ತೆರೆದ ಕ್ಯಾರಿ ಥಿಯೇಟರ್ ಮುಚ್ಚಿ, ಬೇರೆ ಬೇರೆ ವ್ಯಾಪಾರಗಳಿಗೆ ಜಾಗ ಕೊಟ್ಟು, 2014ರಲ್ಲಿ ಮತ್ತೆ ಚಿತ್ರಮಂದಿರವಾಗಿಯೇ ಬಾಗಿಲು ತೆರೆಯಿತು. ಇನ್ನು ಅಕಾಡೆಮಿ ಬೀದಿಯ ತುದಿಯಲ್ಲಿ ಶಾಲೆ. 1907ರಲ್ಲಿ ಇಲ್ಲಿನ ಪ್ರೌಢಶಾಲೆ ರಾಜ್ಯದ ಹಣದಿಂದ ನಡೆಯುವ ಮೊದಲ ಸಾರ್ವಜನಿಕ ಪ್ರೌಢಶಾಲೆಯಾಯಿತು. ಈಗ ನಿಂತಿರುವ 1939ರ ಕಟ್ಟಡ 2011ರಿಂದ ಕಲಾಕೇಂದ್ರವಾಗಿದೆ. ನಮ್ಮ ಮಕ್ಕಳು ಗೆಜ್ಜೆ ಕಟ್ಟಿ ಕುಣಿಯುವ ವೇದಿಕೆಯೂ ಅದೇ. 1960ರಲ್ಲಿ ಮೂರೂವರೆ ಸಾವಿರ ಜನರೂ ಇಲ್ಲದ ಊರಿನಲ್ಲಿ 2020ರ ಜನಗಣತಿಯ ವೇಳೆಗೆ 1,74,721 ಜನರಿದ್ದರು ಎಂಬ ವಾಕ್ಯದೊಂದಿಗೆ ನಾನು ಓದುವುದನ್ನು ನಿಲ್ಲಿಸಿದೆ.

ಅಜ್ಜಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಚೆನ್ನಾಗಿದೆ. ಎಲ್ಲವೂ ನಿಜ. ಆದರೆ ಇದರಲ್ಲಿ ನನ್ನ ಅಂಗಡಿ ಇಲ್ಲ, ನನ್ನ ಶಾಲೆಯೂ ಇಲ್ಲ" ಎಂದರು.

ಅವರ ಶಾಲೆ ಇದ್ದದ್ದು ಮೆಥಡ್‌ನಲ್ಲಿ, ರಾಲಿ ನಗರದ ಪಶ್ಚಿಮದ ಅಂಚಿನಲ್ಲಿ. ಅಂತರ್ಯುದ್ಧದ ನಂತರ ಗುಲಾಮಗಿರಿಯಿಂದ ಬಿಡುಗಡೆಯಾದವರು ಜಮೀನು ಕೊಂಡು ಕಟ್ಟಿಕೊಂಡ ಊರು ಅದು. ಅಲ್ಲಿ ದಿನಸಿ ಅಂಗಡಿ ಇಟ್ಟು, ಅಂಚೆ ಕಚೇರಿಯನ್ನೂ ನೋಡಿಕೊಂಡು, ದುಡಿದದ್ದರಲ್ಲಿ ದೊಡ್ಡ ಪಾಲನ್ನು ಶಾಲೆಗೆ ಹಾಕಿದ ಬೆರಿ ಒಕೆಲಿ ಎಂಬ ವರ್ತಕರ ಹೆಸರೇ ಆ ಶಾಲೆಗೆ ಉಳಿಯಿತು. ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದು ಎಂದು 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟ ಮೇಲೂ ಕ್ಯಾರಿಯ ಕಪ್ಪು ಜನಾಂಗದ ಮಕ್ಕಳು ಪ್ರೌಢಶಾಲೆಗೆ ಮೆಥಡ್‌ಗೇ ಹೋಗಬೇಕಾಗಿತ್ತು. "ನಮ್ಮ ಮನೆಯಿಂದ ಅಕಾಡೆಮಿ ಬೀದಿಯ ಶಾಲೆಗೆ ನಡೆದೇ ಹೋಗಬಹುದಿತ್ತು. ಬಸ್ಸು ನಮ್ಮನ್ನು ಹತ್ತಿಸಿಕೊಂಡು ಅದರ ಎದುರು ದಿಕ್ಕಿಗೆ ತಿರುಗುತ್ತಿತ್ತು" ಎಂದರು ಅಜ್ಜಿ. ಬಸ್ಸು ಚ್ಯಾಟಮ್ ಬೀದಿಯನ್ನು ಹಿಡಿದು, ರೈಲು ಹಳಿಯ ಜೊತೆಜೊತೆಗೇ ಪೂರ್ವಕ್ಕೆ ಹೋಗುತ್ತಿತ್ತಂತೆ. ಆ ದಾರಿ ನನಗೆ ಚೆನ್ನಾಗಿ ಗೊತ್ತು. ಉಡುಪಿಯ ಹೆಸರಿನ ಹೋಟೆಲು ಇರುವುದು ಅದೇ ದಾರಿಯಲ್ಲಿ. ಅಲ್ಲಿ ದೋಸೆ ತಿಂದು, ಹಾಗೇ ಮುಂದೆ ರಾಜ್ಯದ ಜಾತ್ರೆಯ ಮೈದಾನಕ್ಕೆ ಹೋಗಿ ಬರುವುದು ನಮ್ಮ ಮನೆಯಲ್ಲಿ ರೂಢಿ.

ನನಗೆ ಗಂಟಲು ಕಟ್ಟಿದಂತಾಗಿ ಏನೋ ಸಮಾಧಾನದ ಮಾತು ಹೇಳಲು ಹೋದೆ. ಅವರು ತಡೆದರು. "ಅಯ್ಯೋ ಪಾಪ ಎಂದು ಬರೆಯಬೇಡಿ. ನಮ್ಮ ಮೇಷ್ಟ್ರುಗಳ ಬಗ್ಗೆ ಬರೆಯಿರಿ. ಒಬ್ಬೊಬ್ಬರಿಗೂ ನಮ್ಮ ಅಪ್ಪ ಅಮ್ಮನ ಹೆಸರು ಗೊತ್ತಿತ್ತು. ಚುಕ್ಕಿಯಷ್ಟು ಕೊಳೆ ಇದ್ದರೂ ಕಾಲರ್ ಹಿಡಿದು ತೋರಿಸುತ್ತಿದ್ದರು. ಪದ್ಯ ಬಾಯಿಪಾಠ ಆಗದಿದ್ದರೆ ಬಸ್ಸು ಹೊರಡುವವರೆಗೂ ಬಿಡುತ್ತಿರಲಿಲ್ಲ" ಎಂದು ಹೇಳುತ್ತ ಹೋದರು. ಬ್ಯಾಸ್ಕೆಟ್‌ಬಾಲ್ ಆಟದ ಸಂಜೆಗಳು, ಬೇಸಾಯದ ತರಗತಿಯ ಹುಡುಗರು ಕೈಯೆಲ್ಲ ಮಣ್ಣು ಮಾಡಿಕೊಂಡು ಗಣಿತಕ್ಕೆ ಬಂದು ಬೈಸಿಕೊಳ್ಳುತ್ತಿದ್ದದ್ದು, ಮನೆಗೆ ಹೋಗುವ ಮೊದಲು ಮೆಥಡ್‌ನ ಅಂಗಡಿಯಲ್ಲಿ ನೆಲಗಡಲೆ ಕೊಂಡು ಅದನ್ನು ಕೋಲಾ ಬಾಟಲಿಯೊಳಗೆ ಸುರಿದು ಕುಡಿಯುತ್ತಿದ್ದದ್ದು. ಮುಖದಲ್ಲಿ ಎಂಥ ಕಳೆ! ಆಶ್‌ವರ್ತ್ ಅಂಗಡಿಯ ಕಿತ್ತಳೆ ಪಾನಕದ ಬಗ್ಗೆ ಊರಿನ ಹಿರಿಯರು ಮಾತಾಡುವಾಗ ನಾನು ಕಂಡಿದ್ದ ಕಳೆಯೇ ಅದು. ಶಾಲೆ ಮುಚ್ಚಿ ದಶಕಗಳೇ ಕಳೆದಿವೆ. ಅದರ ವ್ಯಾಯಾಮಶಾಲೆಯೂ ಬೇಸಾಯ ಕಲಿಸುತ್ತಿದ್ದ ಕಟ್ಟಡವೂ ಉಳಿದಿವೆ.

ಹಳಿಯ ಮೇಲೆ ಷಾರ್ಲಟ್ ಕಡೆಯ ರೈಲು ಹೋಯಿತು. ಈ ಹಳಿಯನ್ನು 1850ರ ದಶಕದಲ್ಲಿ ಹಾಕಿದವರಲ್ಲಿ ಹೆಚ್ಚಿನವರು ಗುಲಾಮರು ಎಂಬುದನ್ನು ಅಜ್ಜಿ ನೆನಪಿಸಿದರು. ಇದೇ ಹಳಿಯನ್ನು ಹಿಡಿದು ಹೋದರೆ ಗ್ರೀನ್ಸ್‌ಬರೋ ಸಿಗುತ್ತದೆ. 1960ರ ಫೆಬ್ರುವರಿ 1ರಂದು ಅಲ್ಲಿನ ವುಲ್‌ವರ್ತ್ ಅಂಗಡಿಯಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕಪ್ಪು ಜನಾಂಗದ ನಾಲ್ವರು ವಿದ್ಯಾರ್ಥಿಗಳು ಕುಳಿತು, ತಮಗೆ ಕೊಡದ ಕಾಫಿಗಾಗಿ ಅಂಗಡಿ ಮುಚ್ಚುವವರೆಗೂ ಕಾದಿದ್ದರು. ಕೆಲವೇ ದಿನಗಳಲ್ಲಿ ರಾಲಿಯ ವಿದ್ಯಾರ್ಥಿಗಳೂ ಹಾಗೆಯೇ ಕುಳಿತರು. ಅದೇ ಏಪ್ರಿಲಿನಲ್ಲಿ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ಎಲ್ಲಾ ಬೇಕರ್ (Ella Baker) ಎಂಬ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಕರೆದ ಸಭೆಯಿಂದ ವಿದ್ಯಾರ್ಥಿಗಳದೇ ಒಂದು ಚಳವಳಿಯ ಸಂಘಟನೆ ಹುಟ್ಟಿತು. ಅಜ್ಜಿ ಆಗ ಹದಿನೈದರ ಆಸುಪಾಸಿನ ಹುಡುಗಿ. ಹೋಗುತ್ತೇನೆ ಎಂದು ಹಟ ಹಿಡಿದರೂ ತಾಯಿ ಬಿಡಲಿಲ್ಲವಂತೆ. ಆ ಊಟದ ಕೌಂಟರುಗಳ ಬಗ್ಗೆ ಅವರಿಗೆ ಇಂದಿಗೂ ಹೆಚ್ಚು ಮಾತಾಡಲು ಇಷ್ಟವಿಲ್ಲ. ನಾನೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಯೋಚಿಸುತ್ತಿದ್ದೇನೆ. ನಮ್ಮವರ ಕೂಟಗಳಲ್ಲಿ ಊರಿನ ಕಥೆ ಸಾಮಾನ್ಯವಾಗಿ ಪಕ್ಕದಲ್ಲಿರುವ, ಕಂಪನಿಗಳೂ ಸಂಶೋಧನಾ ಸಂಸ್ಥೆಗಳೂ ತುಂಬಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕಿನಿಂದ ಶುರುವಾಗುತ್ತದೆ: 1959ರಲ್ಲಿ ಪೈನ್ ಕಾಡಿನ ನಡುವೆ ಅದು ಆರಂಭವಾಯಿತು, 1965ರಲ್ಲಿ ಐಬಿಎಂ ಬರುವುದಾಗಿ ಘೋಷಿಸಿತು, ಕ್ಯಾರಿ ಬೆಳೆಯಿತು, ನಾವು ಬಂದೆವು. ಆದರೆ ನಾವು ಬರುವುದಕ್ಕೆ ಕೆಲಸವೊಂದಿದ್ದರೆ ಸಾಕಾಗುತ್ತಿರಲಿಲ್ಲ. 1946ರ ಕಾನೂನಿನ ಪ್ರಕಾರ ಭಾರತೀಯರಿಗೆ ಈ ದೇಶ ಇಟ್ಟಿದ್ದ ವಲಸೆಯ ಪಾಲು ವರ್ಷಕ್ಕೆ 100. ದೇಶ ನೋಡಿ ಪಾಲು ಹಂಚುವ ಆ ಪದ್ಧತಿ ತೊಲಗಿದ್ದು 1965ರ ಅಕ್ಟೋಬರಿನಲ್ಲಿ ಸಹಿಯಾದ ವಲಸೆ ಕಾನೂನಿನಿಂದ. ಅದು ಬಂದದ್ದು 1964ರ ನಾಗರಿಕ ಹಕ್ಕುಗಳ ಕಾನೂನಿನ ಬೆನ್ನಿಗೇ, ಬಣ್ಣ ಮತ್ತು ಹುಟ್ಟನ್ನು ನೋಡಿ ಮನುಷ್ಯರನ್ನು ವಿಂಗಡಿಸುವುದು ತಪ್ಪು ಎಂಬ ಅದೇ ಹೋರಾಟದ ಬಲದಿಂದ. ಇಂದು ಈ ಊರಿನ ಐದರಲ್ಲಿ ಒಂದು ಪಾಲು ಜನ ಏಷ್ಯಾ ಮೂಲದವರು. ವೆಂಕಟೇಶ್ವರನ ಗುಡಿಯ ಗೋಪುರ ದೂರದಿಂದಲೇ ಕಾಣುತ್ತದೆ. ಆ ಗುಡಿಗೂ ಗ್ರೀನ್ಸ್‌ಬರೋದ ಆ ಕೌಂಟರಿಗೂ ನಡುವೆ ಇರುವ ದಾರಿಯನ್ನು ಸಂಘದ ಮಕ್ಕಳಿಗೆ ಯಾರಾದರೂ ತೋರಿಸಲೇಬೇಕು ಎಂದು ನನಗೆ ಇವತ್ತು ಬಲವಾಗಿ ಅನ್ನಿಸಿದೆ.

ಕಲಾಕೇಂದ್ರದ ಕಟ್ಟಡದೊಳಕ್ಕೆ ನೀವು ಮೊದಲ ಬಾರಿ ಕಾಲಿಟ್ಟದ್ದು ಯಾವಾಗ ಎಂದು ಹೊರಡುವ ಮೊದಲು ಅಜ್ಜಿಯನ್ನು ಕೇಳಿದ್ದೆ. ಅದು ಪ್ರಾಥಮಿಕ ಶಾಲೆಯಾಗಿದ್ದಾಗ ಅವರ ಮಗ ಅಲ್ಲೇ ಎರಡನೇ ತರಗತಿ ಓದಿದನಂತೆ. ಪೋಷಕರ ಸಭೆಗೆ ಅರ್ಧ ಗಂಟೆ ಮುಂಚೆಯೇ ಹೋಗಿ, ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದು, ಕಿಟಕಿಗಳ ಅಳತೆ, ನೆಲದ ಹಲಗೆ, ಎಲ್ಲವನ್ನೂ ನೋಡಿದರಂತೆ. "ಒಳ್ಳೆಯ ಕಟ್ಟಡ. ಆದರೆ ಬ್ಯಾಸ್ಕೆಟ್‌ಬಾಲ್‌ಗೆ ನಮ್ಮದೇ ವಾಸಿ" ಎಂದು ಖಡಾಖಂಡಿತವಾಗಿ ಹೇಳಿದರು.

ಸಂಪಾದಕರು ಕೊಟ್ಟಿರುವುದು ಎರಡೇ ಪುಟ. ಪೇಜ್-ವಾಕರ್ ಹೋಟೆಲನ್ನು ಬಿಡಲು ನನಗೆ ಮನಸ್ಸಿಲ್ಲ. ವಾಲ್ಟರ್ ಪೇಜ್ ಅವರ ಸಾಲುಗಳನ್ನು ಬೇಕಾದರೆ ಮೊಟಕುಗೊಳಿಸಬಹುದು. ಮೆಥಡ್‌ಗೆ ಪೂರ್ತಿ ಒಂದು ಪುಟ ಬೇಕು, ಒಕೆಲಿಯವರ ಅಂಗಡಿಗೂ ಮೇಷ್ಟ್ರುಗಳಿಗೂ ಸೇರಿ. ಮುಂದಿನ ಶನಿವಾರ ಅಲ್ಲಿಗೆ ಕರೆದುಕೊಂಡು ಹೋಗುವುದಾಗಿ ಅಜ್ಜಿ ಹೇಳಿದ್ದಾರೆ, ಶಾಲೆಯ ಹಳೆಯ ಫೋಟೊಗಳನ್ನೂ ತರುತ್ತಾರೆ. ಮಗಳೂ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಾಳೆ, ಅವಳಿಗೆ ಬೆಳಗ್ಗೆ ನೃತ್ಯದ ತರಗತಿ ಇದೆ, ಅದನ್ನು ಮುಗಿಸಿಕೊಂಡು ಹೊರಡುವುದಾದರೆ ಅಜ್ಜಿಯನ್ನು ಹನ್ನೊಂದರ ನಂತರ