ಬಾಗಿದ ಪ್ಯಾನೆಲ್‌ಗೆ ವಿನಿಯರ್: ಅರ್ಧ ಕೆಲಸ ಅಚ್ಚಿನಲ್ಲೇ

ಗಟ್ಟಿ ಮರದಲ್ಲಿ ಕೈ ಪಳಗಿದ ಮೇಲೆ ನಾನು ವಿನಿಯರ್ ಕೆಲಸಕ್ಕೆ, ಅಂದರೆ ಪ್ಲೈ ಮೇಲೆ ತೆಳು ಮರದ ಹಾಳೆ ಅಂಟಿಸುವ ಕೆಲಸಕ್ಕೆ ಬಂದೆ. ಅದರಲ್ಲೂ ಬಾಗಿದ ಬಾಗಿಲು, ದುಂಡಗಿನ ಕೌಂಟರ್ ಇಂಥವೇ ಜಾಸ್ತಿ. ಗಟ್ಟಿ ಮರ ಒಂಚೂರು ಉಬ್ಬಿದ್ದರೆ ಹತ್ತರಿ ಹೊಡೆದು ಸರಿ ಮಾಡಬಹುದು. ವಿನಿಯರ್ ಹಾಳೆಯ ದಪ್ಪ ಸಾಮಾನ್ಯವಾಗಿ 0.5 ಅಥವಾ 0.6 ಮಿ.ಮೀ. ಅಷ್ಟೆ. ಹತ್ತರಿ ಹೊಡೆಯಲು ಅಲ್ಲೇನಿದೆ? ಸರಿ ಮಾಡುವುದೆಲ್ಲ ಅಂಟಿನ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು.

ಬಾಗಿದ ಪ್ಯಾನೆಲ್‌ನಲ್ಲಿ ಹಾಗೆ ಮೊದಲೇ ಮುಗಿಸಬೇಕಾದ ದೊಡ್ಡ ಕೆಲಸ ಅಚ್ಚು. ಪ್ಲೈವುಡ್ ಪಟ್ಟಿಗಳನ್ನು ಒಂದೇ ಟೆಂಪ್ಲೇಟ್ ಇಟ್ಟು ರೂಟರ್ ಅನ್ನುವ ಕೊರೆಯುವ ಯಂತ್ರದಲ್ಲಿ ಕತ್ತರಿಸಿ, ಸಾಲಾಗಿ ನಿಲ್ಲಿಸಿ, ಮೇಲೆ ತೆಳು ಪ್ಲೈ ಹೊದಿಸುತ್ತೇವೆ. ಲೆಕ್ಕ ತಪ್ಪುವುದು ಇಲ್ಲೇ. ಪ್ಯಾನೆಲ್‌ನ ಹೊರಮೈ ರೇಡಿಯಸ್ 600 ಮಿ.ಮೀ., ದಪ್ಪ 18 ಅಂದುಕೊಳ್ಳಿ. ಅಚ್ಚಿನ ಮೈ 582 ಇರಬೇಕು. ಅಚ್ಚಿಗೆ ಹೊದಿಸುವ ಪ್ಲೈ 6 ಮಿ.ಮೀ. ಇದ್ದರೆ ಪಟ್ಟಿ ಕತ್ತರಿಸಬೇಕಾದ್ದು 576ಕ್ಕೆ. ಅಚ್ಚು ಆದ ಮೇಲೆ ನಮ್ಮ ಮೇಸ್ತ್ರಿ ಸ್ಕೇಲ್ ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ, "ಇಲ್ಲಿ ಇನ್ನೂ ಉಬ್ಬಿದೆ ನೋಡಪ್ಪ" ಅನ್ನುತ್ತಿದ್ದರು. ನನಗೆ ಕಾಣದ ಉಬ್ಬು ಪಾಲಿಶ್ ಆದ ಮೇಲೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಹೊಳಪು ಯಾವುದನ್ನೂ ಮುಚ್ಚುವುದಿಲ್ಲ.

ಇನ್ನು ಪ್ಯಾನೆಲ್ ಅಂದರೆ ಪ್ಲೈ ಪದರಗಳನ್ನು ಅಚ್ಚಿನ ಮೇಲೆ ಬಗ್ಗಿಸಿ ಒಂದಕ್ಕೊಂದು ಅಂಟಿಸಿದ್ದು. ಅಚ್ಚಿನಿಂದ ಬಿಡಿಸಿದ ಕೂಡಲೇ ಅದು ತುಸು ನೆಟ್ಟಗಾಗುತ್ತದೆ. ದಪ್ಪ ಪದರ ಎರಡೇ ಹಾಕಿದರೆ ಇದು ಜಾಸ್ತಿ, ತೆಳು ಪದರ ಹೆಚ್ಚು ಹಾಕಿದಷ್ಟೂ ಕಡಿಮೆ. ಅಂಟೂ ಮುಖ್ಯ. ಸಾಮಾನ್ಯ ಬಿಳಿ ಅಂಟು ಒಣಗಿದ ಮೇಲೂ ಬಿಗಿತಕ್ಕೆ ಸಿಕ್ಕಿ ನಿಧಾನವಾಗಿ ಜಾರುತ್ತದೆ. ಬಾಗಿದ ಪದರಗಳಿಗೆ ಗಟ್ಟಿಯಾಗಿ ಒಣಗುವ ಯೂರಿಯಾ ಫಾರ್ಮಾಲ್ಡಿಹೈಡ್ ಅಥವಾ ಎಪಾಕ್ಸಿಯೇ ಸರಿ. ಒಳಮೈಗೂ ವಿನಿಯರ್ ಹಾಕಿ, ಯಾರಿಗೂ ಕಾಣದಿದ್ದರೂ ಸರಿ. ಒಂದೇ ಕಡೆ ಹಾಕಿದರೆ ಹವೆಯ ತೇವಕ್ಕೆ ಪ್ಯಾನೆಲ್ ಎಳೆದುಕೊಂಡು ಆಕಾರ ಬದಲಾಗುತ್ತದೆ.

ಹಾಳೆಗೆ ಎರಡು ಮುಖ ಇರುತ್ತವೆ ಅನ್ನುವುದು ನನಗೆ ತಡವಾಗಿ ತಲೆಗೆ ಹೋಯಿತು. ದಿಮ್ಮಿಯಿಂದ ಬ್ಲೇಡ್ ಹಾಳೆ ಸೀಳುವಾಗ ಒಂದು ಮುಖದಲ್ಲಿ ಎಳೆಯುದ್ದಕ್ಕೂ ಕೂದಲಿನಂಥ ಬಿರುಕು ಬೀಳುತ್ತವೆ. ಕಣ್ಣಿಗೆ ಕಾಣುವುದು ಕಷ್ಟ. ಎಳೆಗೆ ಅಡ್ಡವಾಗಿ ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆಗೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ಕಡೆಗೆ ಬಿಗಿ. ಸಲೀಸಾಗಿ ಬಗ್ಗುವಾಗ ಉಬ್ಬಿ ಹೊರಗೆ ಬರುವುದೇ ಬಿರುಕಿನ ಮುಖ. ಉಬ್ಬಿದ ಪ್ಯಾನೆಲ್‌ನಲ್ಲಿ ಅದು ಅಂಟಿನ ಕಡೆಗೆ ಹೋಗಬೇಕು. ಹೊರಗಿಟ್ಟರೆ ಬಿರುಕು ಬಾಯಿ ಬಿಡುತ್ತವೆ, ಮುಂದೆ ಪಾಲಿಶ್‌ನಲ್ಲಿ ಗೀರಾಗಿ ಕಾಣುತ್ತವೆ. ಪುಸ್ತಕ ಬಿಚ್ಚಿದಂತೆ ಅಕ್ಕಪಕ್ಕದ ಹಾಳೆಗಳನ್ನು ಕನ್ನಡಿಯ ಹಾಗೆ ಜೋಡಿಸುವ ಬುಕ್ ಮ್ಯಾಚ್ ಮಾಡುವಾಗ ತೊಡಕು ಇದೇ: ಒಂದು ಬಿಟ್ಟು ಒಂದು ಹಾಳೆ ಮಗುಚುತ್ತದೆ, ಅರ್ಧದಷ್ಟು ಹಾಳೆಗಳ ಬಿರುಕು ಮೇಲಕ್ಕೇ ಬರುತ್ತದೆ. ಅದಕ್ಕೇ ಉಬ್ಬಿನ ಮೇಲೆ ನಾನು ಸ್ಲಿಪ್ ಮ್ಯಾಚ್, ಅಂದರೆ ಹಾಳೆ ಮಗುಚದೆ ಪಕ್ಕಪಕ್ಕ ಜೋಡಿಸುವುದರ ಪರವಾಗಿ ವಾದ ಮಾಡುತ್ತೇನೆ. ಡಿಸೈನ್ ಮಾಡುವವರಿಗೆ ಅದು ಹಿಡಿಸುವುದು ಕಡಿಮೆ, ಅದು ಬೇರೆ ಮಾತು!

ಅಚ್ಚು, ಪ್ಯಾನೆಲ್ ಎರಡನ್ನೂ ಒಳಗಿಟ್ಟು ಪಂಪ್‌ನಿಂದ ಗಾಳಿ ಎಳೆಯುವ ವ್ಯಾಕ್ಯೂಮ್ ಚೀಲ ಸಿಕ್ಕಿದರೆ ಕ್ಲ್ಯಾಂಪ್‌ಗಳ ಕಾಟ ತಪ್ಪುತ್ತದೆ. ಒಂದು ಚದರ ಮೀಟರ್ ಮೇಲೆ ವಾತಾವರಣದ ಒತ್ತಡ ಸುಮಾರು 10 ಟನ್. ಪಂಪ್ ಗಾಳಿಯನ್ನು ಪೂರ್ತಿ ಎಳೆಯದಿದ್ದರೂ 8 ಟನ್ ಸಿಗುತ್ತದೆ. ಆ ಭಾರ ಬೀಳುವುದು ಅಚ್ಚಿನ ಮೇಲೇ. ಪಟ್ಟಿಗಳ ನಡುವೆ ಜಾಗ ಜಾಸ್ತಿ ಬಿಟ್ಟರೆ ಹೊದಿಕೆ ಅಲ್ಲಲ್ಲಿ ತಗ್ಗುತ್ತದೆ, ಪ್ಯಾನೆಲ್ ಅದನ್ನೇ ನಕಲು ಮಾಡುತ್ತದೆ. ಮೂಲೆಗಳನ್ನೂ ದುಂಡಗೆ ಮಾಡಿರಬೇಕು, ಇಲ್ಲದಿದ್ದರೆ ಚೀಲ ತೂತು.

ಅಂಟು ಹಚ್ಚುವ ಮೊದಲು ಒಮ್ಮೆ ಒಣದಾಗಿಯೇ ಎಲ್ಲ ಜೋಡಿಸಿ, ಪಂಪ್ ಹಾಕಿ ನೋಡುವುದನ್ನು ಬಿಡಬೇಡಿ. ವಿನಿಯರ್ ಕೂರಿಸುವಾಗ ಅಂಟು ಹಚ್ಚುವುದು ಪ್ಯಾನೆಲ್‌ನ ಪ್ಲೈಗೆ ಮಾತ್ರ. ಹಾಳೆಗೆ ಹಚ್ಚಿದರೆ ಅದು ಕೈಯಲ್ಲೇ ಸುರುಳಿ ಸುತ್ತಿಕೊಳ್ಳುತ್ತದೆ.

ಹೊರಗೆ ತೆಗೆದ ಮೇಲೆ ಉಗುರಿನಿಂದ ಮೈಯೆಲ್ಲ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಂಟು ಹಿಡಿದಿಲ್ಲ. ಎಳೆಯ ಉದ್ದಕ್ಕೇ ಚಾಕುವಿನಿಂದ ಸೀಳಿ, ಸಿರಿಂಜ್‌ನಲ್ಲಿ ಅಂಟು ಹಾಕಿ ಒತ್ತಿ ಹಿಡಿದರೆ ಗುರುತೂ ಉಳಿಯುವುದಿಲ್ಲ. ಸ್ಯಾಂಡಿಂಗ್‌ಗೆ 180 ಗ್ರಿಟ್‌ನ ಉಜ್ಜುಕಾಗದದಿಂದ ಶುರು ಮಾಡಿದರೆ ಸಾಕು, ಅದೂ ಕೈಯಲ್ಲೇ. ಅಚ್ಚಿನ ಪಟ್ಟಿ ಕತ್ತರಿಸುವಾಗ ಹೊರಗೆ ಬಿದ್ದ ತುಂಡನ್ನು ಎಸೆಯಬೇಡಿ. ಅದರ ಒಳಬಾಗಿಗೆ ತೆಳು ಕಾರ್ಕ್ ಅಂಟಿಸಿದರೆ ಹೆಚ್ಚುಕಡಿಮೆ ಅದೇ ಉಬ್ಬಿಗೆ ಹೊಂದುವ ಸ್ಯಾಂಡಿಂಗ್ ಬ್ಲಾಕ್ ಸಿಗುತ್ತದೆ. ಅಂಚಿಗೆ ಬಂದಾಗ ಮಾತ್ರ ಕೈ ಹಗುರ ಮಾಡಿ, ಒಳಗಿನ ಪ್ಲೈ ಮೊದಲು ಇಣುಕುವುದು ಅಲ್ಲೇ.