ನೀರು ತಿರುಗುವ ತನಕ

ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ನಾನೂ ಭಾವನೂ ಉಡುಪಿಯ ಹತ್ತಿರದ ಕೆಮ್ಮಣ್ಣಿನಿಂದ ಕೋಡಿ ಬೆಂಗ್ರೆಗೆ ಕಯಾಕ್‌ನಲ್ಲಿ ಹೋದೆವು. ರಸ್ತೆಯಲ್ಲಾದರೆ ಅರ್ಧ ಗಂಟೆಯೂ ಬೇಡ. ನಮಗೆ ಹೆಚ್ಚುಕಡಿಮೆ ಇಡೀ ಹಗಲು ಬೇಕಾಯಿತು.

ಹೊರಡುವ ಮುಂಚೆ ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನಿಗೆ ಕೈಮುಗಿದೆವು. ನಾನು ಕೇಳಿಕೊಂಡದ್ದು ಒಂದೇ. ಈ ಸಲವಾದರೂ ವೀಸಾ ಸಿಗಲಿ. ಎರಡು ಸಲ ಆಗುವುದಿಲ್ಲ ಎಂದು ಬಂದಿತ್ತು. ಮೂರನೇ ಅರ್ಜಿ ಅರ್ಧ ತುಂಬಿಸಿಟ್ಟಿದ್ದೆ. ಈ ವಿಷಯ ಎತ್ತಿದಾಗಲೆಲ್ಲ ಅಮ್ಮನ ಉತ್ತರ, "ಹರಿಚಿತ್ತ ಮಗಾ." ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಸುಮ್ನೆ ಕೈಕಟ್ಟಿ ಕೂತುಕೋ ಅಂದ ಹಾಗೆ ಕೇಳುತ್ತಿತ್ತು.

ಎಂಟು ಗಂಟೆಗೆ ಹೊಳೆಬದಿಗೆ ಬಂದೆವು. ಸೊಂಟದ ನೀರಿನಲ್ಲಿ ನಿಂತು ನಾಲ್ಕೈದು ಜನ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ದೋಣಿಯವರು ನೀರನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದರು, "ಈಗ ಕೆಳಗೆ ಹೋಗ್ಲಿಕ್ಕೆ ಕಷ್ಟ ಮಾರಾಯ್ರೆ. ನೀರು ಏರ್ತಾ ಉಂಟು. ಮಧ್ಯಾಹ್ನ ತಿರುಗಿದ ಮೇಲೆ ಹೋಗುವ."

ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಟ್ಟು ಸೇರುವುದರಿಂದ ಉಬ್ಬರ ಇಳಿತ ಜಾಸ್ತಿ. ಸುಮಾರು ಆರು ಗಂಟೆ ಕಡಲು ಹೊಳೆಯ ಒಳಗೆ ನುಗ್ಗುತ್ತದೆ, ಇನ್ನಾರು ಗಂಟೆ ವಾಪಸು ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಹನ್ನೊಂದಕ್ಕೆ ಬೆಂಗ್ರೆ, ಒಂದಕ್ಕೆ ಮನೆಯಲ್ಲಿ ಊಟ ಎಂದು ಲೆಕ್ಕ ಹಾಕಿ ಆಗಿತ್ತಲ್ಲ. "ನಾವು ಜೋರು ಹುಟ್ಟು ಹಾಕ್ತೇವೆ" ಎಂದೆ. ಅವರು ವಾದ ಮಾಡಲಿಲ್ಲ. ತಮ್ಮ ಸಣ್ಣ ದೋಣಿಯಲ್ಲಿ ಹಿಂದೆಯೇ ಬಂದರು.

ಸುವರ್ಣಾ ನದಿ ಇಲ್ಲಿ ಕಡಲ ಹತ್ತಿರ ಬಂದರೂ ಕಡಲಿಗೆ ಸೇರುವುದಿಲ್ಲ. ಉತ್ತರಕ್ಕೆ ತಿರುಗಿ, ಕಡಲಿನ ಪಕ್ಕದಲ್ಲೇ ಹರಿದು, ಬೆಂಗ್ರೆಯ ತುದಿಯಲ್ಲಿ ಸೀತಾ ನದಿಯನ್ನು ಕೂಡಿಕೊಂಡು ಅಳಿವೆಗೆ ಇಳಿಯುತ್ತದೆ. ಎಡಗಡೆ ತೆಂಗಿನ ಸಾಲು, ಅದರಾಚೆ ಕಡಲಿನ ಮೊರೆತ. ನೋಡಲು ಎಷ್ಟು ಚೆಂದ! ನನಗೆ ಮಾತ್ರ ಅದೇನೂ ಕಾಣಲಿಲ್ಲ. ಮುಕ್ಕಾಲು ಗಂಟೆ ಹುಟ್ಟು ಹಾಕಿದ ಮೇಲೂ ದಡದ ಅದೇ ಬಾಗಿದ ತೆಂಗಿನಮರ ಪಕ್ಕದಲ್ಲಿತ್ತು. ಒಂದು ಕ್ಷಣ ಕೈ ನಿಲ್ಲಿಸಿದರೆ ಹಿಂದಕ್ಕೆ. ಕೊನೆಗೆ ಕಯಾಕ್ ಅಡ್ಡ ತಿರುಗಿ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನೊಳಗೆ ಹೊಕ್ಕಿತು. ಮೊಣಕೈ ತರಚಿ ರಕ್ತ ಬಂತು. ಭಾವ ಮೆಲ್ಲಗೆ ಹೇಳಿದರು, "ಕಾಯುವ, ಆಗದಾ?"

ಪಕ್ಕದ ಕುದ್ರುವಿನಲ್ಲಿ, ಅಂದರೆ ಹೊಳೆಯ ನಡುವಿನ ಸಣ್ಣ ದ್ವೀಪದಲ್ಲಿ, ದೋಣಿ ಕಟ್ಟಿದೆವು. ಮೂರು ಗಂಟೆ ಮಾಡಲು ಏನೂ ಇರಲಿಲ್ಲ. ಆಗ ಕಾಂಡ್ಲಾ ಗಿಡವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಅದರ ಬೀಜ ಮರದಲ್ಲೇ ಮೊಳಕೆಯೊಡೆದು ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ನೇತಾಡುತ್ತದೆ. ಬಲಿತು ಬಿದ್ದ ಮೇಲೆ ನೀರು ಕೊಂಡುಹೋದಲ್ಲಿಗೆ ಹೋಗುತ್ತದೆ. ಕೆಸರು ಸಿಕ್ಕಿದಲ್ಲಿ ಬೇರು ಬಿಡುತ್ತದೆ. ಯಾವ ಕುದ್ರು ಎಂದು ಅದು ಆರಿಸುವುದಿಲ್ಲ. ಆದರೆ ಬೇರು ಬಿಡುವ ಕೆಲಸ ಅದರದ್ದೇ.

ಬೆಳಿಗ್ಗೆ ಕೈಮುಗಿದ ಬಲರಾಮನ ನೆನಪೂ ಬಂತು. 1238ರಲ್ಲಿ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಈ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಆಚಾರ್ಯರು ಬಟ್ಟೆ ಬೀಸಿ ಅದನ್ನು ಉಳಿಸಿದರು. ಏನು ಬೇಕಾದರೂ ತೆಗೆದುಕೊಳ್ಳಿ ಎಂದ ಹಡಗಿನವನ ಹತ್ತಿರ ಅವರು ಕೇಳಿದ್ದು ಗೋಪೀಚಂದನದ ಹೆಂಟೆಗಳನ್ನು. ಅದರೊಳಗೆ ಸಿಕ್ಕಿದವರೇ ವಡಭಾಂಡೇಶ್ವರದ ಬಲರಾಮ, ಉಡುಪಿಯ ಕಡಗೋಲು ಕೃಷ್ಣ. ನಾನು ಯಾವಾಗಲೂ ಆಚಾರ್ಯರ ಕಡೆಯಿಂದ ಈ ಕಥೆ ಕೇಳಿದವನು. ಅವತ್ತು ಹಡಗಿನವನ ಬಗ್ಗೆ ಯೋಚಿಸಿದೆ. ಆ ಮಣ್ಣನ್ನು ಅವನು ಹಾಕಿಕೊಂಡಿದ್ದು ಹಡಗು ಓಲಾಡದಿರಲು, ಬರೀ ಭಾರಕ್ಕೆ. ಅಷ್ಟು ದೂರ ಕೃಷ್ಣನನ್ನು ಹೊತ್ತು ತಂದವನಿಗೆ ತಾನು ಏನು ತರುತ್ತಿದ್ದೇನೆ ಎಂದೇ ಗೊತ್ತಿರಲಿಲ್ಲ. ಆ ಬಿರುಗಾಳಿ ಅವನಿಗೆ ಎಷ್ಟು ಅನ್ಯಾಯ ಅನ್ನಿಸಿರಬೇಕು ಅಲ್ವಾ? ನನಗೆ ಬಂದ ಆ ಎರಡು ಪತ್ರಗಳ ಹಾಗೆ. ಕಣ್ಣು ತುಂಬಿ ಬಂತು. ಭಾವ ನೋಡಿಯೂ ನೋಡದ ಹಾಗೆ ಕೂತಿದ್ದರು. ಅವರು ಹಾಗೆ, ಬಹಳ ಒಳ್ಳೆಯವರು.

ಹನ್ನೆರಡೂವರೆಯ ಹೊತ್ತಿಗೆ ನೀರಿನ ಮೇಲೆ ತೇಲುತ್ತಿದ್ದ ಒಂದು ಎಲೆ ನಿಂತಿತು. ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಮೆಲ್ಲಗೆ ಉತ್ತರದ ಕಡೆ ಹೊರಟಿತು. ದೋಣಿಯವರು ಎದ್ದರು. "ಈಗ ಹೋಗುವ."

ನೀರು ನಮ್ಮ ಕಡೆಗಿದೆ ಎಂದು ನಾನು ಹುಟ್ಟನ್ನು ಮಡಿಲಲ್ಲಿಟ್ಟು ಒರಗಿದೆ. ಎರಡೇ ನಿಮಿಷ. ಕಯಾಕ್ ಗಿರ್ರನೆ ತಿರುಗಿ ಮತ್ತೆ ಕಾಂಡ್ಲಾದ ಕಡೆಗೇ ಹೋಯಿತು. ಹಿಂದಿನಿಂದ ಅವರ ಕೂಗು. "ಹುಟ್ಟು ಹಾಕ್ತಾ ಇರಿ ಮಾರಾಯ್ರೆ! ನೀರು ಕೊಂಡುಹೋಗ್ತದೆ, ಆದ್ರೆ ಮೂತಿ ನೀವೇ ಹಿಡೀಬೇಕು. ದೋಣಿ ನೀರಿಗಿಂತ ಸ್ವಲ್ಪ ಮುಂದೆ ಹೋದ್ರೆ ಮಾತ್ರ ನಿಮ್ಮ ಮಾತು ಕೇಳ್ತದೆ."

ಅಮ್ಮನ ಹರಿಚಿತ್ತ ನನಗೆ ಅರ್ಥವಾದದ್ದು ಅಲ್ಲಿ. ಅಮ್ಮ ಒಂದು ದಿನವೂ ಕೈಕಟ್ಟಿ ಕೂತವಳಲ್ಲ. ಅಪ್ಪಯ್ಯ ಹಾಸಿಗೆ ಹಿಡಿದ ನಾಲ್ಕು ವರ್ಷ ನಾಲ್ಕೂವರೆಗೆ ಎದ್ದು ಎಲ್ಲ ಮಾಡಿದವಳು. ಆಗಲೂ ಹೇಳುತ್ತಿದ್ದದ್ದು ಅದೇ ಮಾತು.

ಬೆಂಗ್ರೆ ಬೇಗ ಬಂತು. ಅಳಿವೆಗೆ ಇನ್ನೂ ದೂರವಿರುವಾಗಲೇ ದೋಣಿಯವರು ದಡ ಹಿಡಿಸಿದರು. ಇಳಿತದ ನೀರು ಅಲ್ಲಿ ಕಡಲಿಗೆ ಎಳೆದುಕೊಂಡು ಹೋಗುತ್ತದಂತೆ. ಈ ಸಲ ನಾನು ಎದುರು ಮಾತಾಡಲಿಲ್ಲ. ಮರಳಿನಲ್ಲಿ ತುದಿಯವರೆಗೆ ನಡೆದೆವು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಎದುರು ಹಂಗಾರಕಟ್ಟೆಯ ಕಡೆಯ ದೋಣಿಗಳು. ಹೊಳೆಯ ಕಂದು ನೀರು ಕಡಲಿನ ಒಳಗೆ ಬಹಳ ದೂರದವರೆಗೆ ಬೇರೆಯಾಗಿಯೇ ಕಾಣುತ್ತಿತ್ತು.

ಮೂರನೇ ಅರ್ಜಿಯನ್ನು ಜನವರಿಯಲ್ಲಿ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ. ದಿನಕ್ಕೆ ಹತ್ತು ಸಲ ಮೇಲ್ ತೆರೆದು ನೋಡುವುದನ್ನು ಬಿಟ್ಟಿದ್ದೇನೆ. ಪ್ರತಿ ತಿಂಗಳು ಊರಿಗೆ ಹೋಗುತ್ತಿದ್ದೇನೆ, ಅಮ್ಮನ ಹತ್ತಿರ ಕೂತು ಬರಲು.